ಸ್ಥಳೀಯ ಸ್ವಾಯತ್ತತೆ ಮತ್ತು ಸಮಾನ ಮಾನದಂಡ: ಅಮೆರಿಕದ ಅಗ್ನಿರಕ್ಷಣಾ ಡಿಸ್ಟ್ರಿಕ್ಟುಗಳ ನಿರ್ವಹಣೆಯ ಚಾರಿತ್ರಿಕ ಅವಲೋಕನ

ಪೀಠಿಕೆ

ಬೆಂಕಿಯನ್ನು ನಂದಿಸುವ ಕೆಲಸ ಕೆಲವು ಗಂಟೆಗಳದು. ಅದಕ್ಕೆ ಅಗತ್ಯವಾದ ಸಿದ್ಧತೆ ವರ್ಷಗಳದು. ಅಗ್ನಿ ಅನಾಹುತಗಳ ಚರಿತ್ರೆಯನ್ನು ದಾಖಲಿಸಿದವರು ಸಾಮಾನ್ಯವಾಗಿ ಉರಿದುಹೋದ ನಗರಗಳನ್ನೂ ಮಡಿದವರ ಸಂಖ್ಯೆಯನ್ನೂ ಮುಂದಿಟ್ಟು, ಎರಡು ಬೆಂಕಿಗಳ ನಡುವಿನ ದೀರ್ಘಕಾಲದಲ್ಲಿ ನಡೆಯುವ ಲೆಕ್ಕಪತ್ರ, ಖರೀದಿ, ಪರೀಕ್ಷೆ, ದುರಸ್ತಿ, ತರಬೇತಿ ಮೊದಲಾದವುಗಳನ್ನು ಹಿನ್ನೆಲೆಗೆ ಸರಿಸಿರುವುದುಂಟು. ಆದರೆ ಒಂದು ಊರು ಉಳಿಯುವುದೋ ಉರಿಯುವುದೋ ಎಂಬುದು ಬಹುಮಟ್ಟಿಗೆ ಈ ಹಿನ್ನೆಲೆಯ ಕಾರ್ಯಗಳಲ್ಲಿಯೇ ನಿರ್ಧಾರವಾಗಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ 'ಫೈರ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಸಂಸ್ಥೆಯ ಬೆಳವಣಿಗೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಇಲ್ಲಿ 'ಡಿಸ್ಟ್ರಿಕ್ಟ್' ಎಂಬ ಪದವನ್ನು ಕಂದಾಯ ಜಿಲ್ಲೆ ಎಂಬ ಅರ್ಥದಲ್ಲಿ ಗ್ರಹಿಸಬಾರದು. ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆಯು ೧೯೬೪ರ ಅಗ್ನಿಶಾಮಕ ದಳ ಅಧಿನಿಯಮದ ಆಧಾರದ ಮೇಲೆ ರಾಜ್ಯ ಸರ್ಕಾರದ ಒಂದು ಇಲಾಖೆಯಾಗಿ ರೂಪುಗೊಂಡಿದೆ. ಅಮೆರಿಕದ ಫೈರ್ ಡಿಸ್ಟ್ರಿಕ್ಟಾದರೋ ಅಗ್ನಿರಕ್ಷಣೆಯೊಂದಕ್ಕಾಗಿಯೇ, ಅಥವಾ ಅದರೊಡನೆ ತುರ್ತು ವೈದ್ಯಕೀಯ ನೆರವಿಗಾಗಿಯೂ, ನಿರ್ದಿಷ್ಟ ಮೇರೆಯೊಳಗೆ ರಚಿತವಾದ ಪ್ರತ್ಯೇಕ ಸ್ಥಳೀಯ ಸರ್ಕಾರ. ಅದಕ್ಕೆ ತನ್ನದೇ ಆದ ಆಡಳಿತ ಮಂಡಳಿ, ತೆರಿಗೆಯ ಆದಾಯ, ಠಾಣೆ ಮತ್ತು ವಾಹನಗಳಿರುತ್ತವೆ. ಕೆಲವೇ ಹಳ್ಳಿಗಳನ್ನು ಒಳಗೊಂಡ ಡಿಸ್ಟ್ರಿಕ್ಟುಗಳೂ ಇವೆ. ಲಕ್ಷಾಂತರ ಜನರಿಗೆ ಸೇವೆ ಒದಗಿಸುವ ಡಿಸ್ಟ್ರಿಕ್ಟುಗಳೂ ಇವೆ. ಇಂತಹ ಸ್ವಾಯತ್ತ ಘಟಕಗಳು ತಮ್ಮ ಉಪಕರಣಗಳನ್ನೂ ಕಾರ್ಯಾಚರಣೆಯನ್ನೂ ನಿರ್ವಹಿಸುವ ಕ್ರಮ ಹೇಗೆ ರೂಪುಗೊಂಡಿತು, ಅವುಗಳ ಸ್ವಾತಂತ್ರ್ಯವು ಯಾವ ಬೆಲೆಯನ್ನು ಕೇಳಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಚರ್ಮದ ಬಕೆಟ್ಟಿನಿಂದ ಉಗಿಯಂತ್ರದವರೆಗೆ

ಅಮೆರಿಕದ ವಸಾಹತುಗಳಲ್ಲಿ ಅಗ್ನಿರಕ್ಷಣೆಯ ವ್ಯವಸ್ಥೆಯು ಆರಂಭದಿಂದಲೂ ಉಪಕರಣ ಮತ್ತು ಹಣಕಾಸಿನ ಪ್ರಶ್ನೆಯೊಡನೆ ಬೆಸೆದುಕೊಂಡಿತ್ತು. ಇಂದಿನ ನ್ಯೂಯಾರ್ಕ್ ನಗರವು ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಡಚ್ ವಸಾಹತಾಗಿದ್ದ ಕಾಲದಲ್ಲಿ, ೧೬೪೮ರಲ್ಲಿ, ಅಲ್ಲಿನ ಆಡಳಿತಾಧಿಕಾರಿ ಪೀಟರ್ ಸ್ಟೈವೆಸಂಟ್ ಬೆಂಕಿಯ ಮೇಲ್ವಿಚಾರಕರನ್ನು ನೇಮಿಸಿದನು. ಹೊಗೆಗೂಡುಗಳನ್ನು ಶುಚಿಯಾಗಿಡದ ಮನೆಗಳವರಿಗೆ ಇವರು ದಂಡ ವಿಧಿಸುತ್ತಿದ್ದರು. ಹಾಗೆ ಸಂಗ್ರಹವಾದ ಹಣವು ಬಕೆಟ್, ಏಣಿ ಮತ್ತು ಕೊಕ್ಕೆಗಳ ಖರೀದಿಗೆ ವಿನಿಯೋಗವಾಗತಕ್ಕದ್ದೆಂದು ಗೊತ್ತುಪಡಿಸಲಾಗಿತ್ತು. ಬೆಂಕಿಯನ್ನು ತಡೆಯುವ ನಿಯಮವೇ ಬೆಂಕಿಯನ್ನು ನಂದಿಸುವ ಸಾಧನಕ್ಕೆ ಹಣ ಒದಗಿಸಿದ್ದು ಇಲ್ಲಿನ ವಿಶೇಷ.

ಫಿಲಡೆಲ್ಫಿಯಾ ನಗರದಲ್ಲಿ ೧೭೩೬ರ ಡಿಸೆಂಬರ್ ೭ರಂದು ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವನ ಮಿತ್ರರು ಸ್ಥಾಪಿಸಿದ 'ಯೂನಿಯನ್ ಫೈರ್ ಕಂಪನಿ' ಈ ಚರಿತ್ರೆಯ ಎರಡನೆಯ ಘಟ್ಟವನ್ನು ಸೂಚಿಸುತ್ತದೆ. ಪ್ರತಿಯೊಬ್ಬ ಸದಸ್ಯನೂ ಗೊತ್ತಾದ ಸಂಖ್ಯೆಯ ಚರ್ಮದ ಬಕೆಟ್‌ಗಳನ್ನೂ ಸರಂಜಾಮುಗಳನ್ನು ತುಂಬಿ ಸಾಗಿಸಲು ಗಟ್ಟಿಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕಿತ್ತು. ತಿಂಗಳಿಗೊಮ್ಮೆ ಸಭೆ ಸೇರಬೇಕಿತ್ತು. ಸಭೆಗೆ ಗೈರುಹಾಜರಾದವರು ತೆತ್ತ ಸಣ್ಣ ದಂಡಗಳಿಂದ ಅಗ್ನಿಶಾಮಕ ಯಂತ್ರ, ಏಣಿ ಮತ್ತು ಕೊಕ್ಕೆಗಳನ್ನು ಕೊಂಡ ಸಂಗತಿಯನ್ನು ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಸದಸ್ಯರ ಸಂಖ್ಯೆ ಮೂವತ್ತನ್ನು ಮುಟ್ಟಿದ ಮೇಲೆ ಹೊಸಬರಿಗೆ ಪ್ರತ್ಯೇಕ ಕಂಪನಿಯನ್ನು ಕಟ್ಟಿಕೊಳ್ಳುವಂತೆ ಸಲಹೆ ನೀಡಲಾಯಿತು. ಹೀಗೆ ಸಣ್ಣ ಸಣ್ಣ ಸ್ವಯಂಸೇವಕ ಘಟಕಗಳಾಗಿ ಹರಡಿಕೊಳ್ಳುವ ಪ್ರವೃತ್ತಿಯು ಅಮೆರಿಕದ ಅಗ್ನಿರಕ್ಷಣೆಯ ಸ್ಥಾಯೀ ಲಕ್ಷಣವಾಯಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯಂತ್ರವು ಈ ವ್ಯವಸ್ಥೆಯ ಸ್ವರೂಪವನ್ನೇ ಬದಲಿಸಿತು. ಹತ್ತಾರು ಜನ ಸರದಿಯಲ್ಲಿ ಒತ್ತುತ್ತಿದ್ದ ಕೈಪಂಪಿನ ಸ್ಥಾನಕ್ಕೆ ಉಗಿಯಿಂದ ನಡೆಯುವ ಪಂಪು ಬಂದಾಗ, ಹೆಚ್ಚು ತೋಳುಗಳಿಗಿಂತ ಕೆಲವರ ನಿರಂತರ ಹಾಜರಿ ಮತ್ತು ಯಂತ್ರಜ್ಞಾನ ಮುಖ್ಯವಾದವು. ಒಹಾಯೋ ರಾಜ್ಯದ ಸಿನ್ಸಿನಾಟಿ ನಗರವು ೧೮೫೩ರಲ್ಲಿ ಉಗಿಯಂತ್ರವನ್ನು ಅಳವಡಿಸಿಕೊಂಡು ಸಂಬಳದ ಪೂರ್ಣಕಾಲಿಕ ಅಗ್ನಿಶಾಮಕ ದಳವನ್ನು ರಚಿಸಿತು. ೧೮೬೫ರಲ್ಲಿ ನ್ಯೂಯಾರ್ಕ್ ನಗರದಲ್ಲಿಯೂ ಸ್ವಯಂಸೇವಕರ ಸ್ಥಾನಕ್ಕೆ ವೃತ್ತಿಪರ ದಳ ಬಂದಿತು. ದೊಡ್ಡ ನಗರಗಳು ಈ ದಾರಿಯನ್ನು ಹಿಡಿದರೂ ಸಣ್ಣ ಪಟ್ಟಣಗಳು ಮತ್ತು ಗ್ರಾಮೀಣ ಪ್ರದೇಶಗಳು ಫ್ರಾಂಕ್ಲಿನ್ನನ ಮಾದರಿಯನ್ನೇ ಉಳಿಸಿಕೊಂಡವು. ಫೈರ್ ಡಿಸ್ಟ್ರಿಕ್ಟುಗಳು ಮುಂದೆ ಬೇರುಬಿಟ್ಟದ್ದು ಬಹುಮಟ್ಟಿಗೆ ಈ ಪ್ರದೇಶಗಳಲ್ಲಿಯೇ.

ಕೂಡದ ಕೊಳವೆಗಳು: ೧೯೦೪ರ ಬಾಲ್ಟಿಮೋರ್

ಪ್ರತಿಯೊಂದು ಊರೂ ತನ್ನ ಯಂತ್ರವನ್ನು ತಾನೇ ಕೊಂಡಾಗ, ಪ್ರತಿಯೊಂದು ಊರಿನ ಕೊಳವೆಯ ಅಳತೆಯೂ ಬೇರೆಯಾಯಿತು. ನೀರಿನ ಹೋಸ್‌ಪೈಪನ್ನು ಇನ್ನೊಂದು ಹೋಸ್‌ಪೈಪಿಗೆ ಅಥವಾ ಬೀದಿಬದಿಯ ಹೈಡ್ರಂಟಿಗೆ ಜೋಡಿಸುವ ಲೋಹದ ಕಪ್ಲಿಂಗಿನ ವ್ಯಾಸ ಎಷ್ಟಿರಬೇಕು, ಒಂದು ಅಂಗುಲದಲ್ಲಿ ಎಷ್ಟು ತಿರುಪುಗೆರೆಗಳಿರಬೇಕು ಎಂಬುದನ್ನು ತಯಾರಕರೂ ನಗರಗಳೂ ತಮತಮಗೆ ತೋಚಿದಂತೆ ನಿರ್ಧರಿಸಿಕೊಂಡಿದ್ದರು. ಇದರ ಅಪಾಯವು ಯಾರಿಗೂ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ೧೮೭೨ರ ನವೆಂಬರಿನಲ್ಲಿ ಬೋಸ್ಟನ್ ನಗರದ ವಾಣಿಜ್ಯ ಭಾಗವು ಉರಿದುಹೋದಾಗ, ಕುದುರೆಗಳ ಸಾಂಕ್ರಾಮಿಕ ಜ್ವರದ ಕಾರಣದಿಂದ ಅಗ್ನಿಯಂತ್ರಗಳನ್ನು ಮನುಷ್ಯರೇ ಎಳೆಯಬೇಕಾಗಿ ಬಂದಿತ್ತು. ೭೭೬ ಕಟ್ಟಡಗಳು ನಾಶವಾದವು. ಈ ಅನುಭವದ ಹಿನ್ನೆಲೆಯಲ್ಲಿ, ಬೋಸ್ಟನ್ ದಳದ ಮುಖ್ಯಸ್ಥ ಜಾನ್ ಡ್ಯಾಮ್ರೆಲ್‌ನ ಮುಂದಾಳತ್ವದಲ್ಲಿ, ದೇಶದ ಅಗ್ನಿಶಾಮಕ ಮುಖ್ಯಸ್ಥರು ೧೮೭೩ರಲ್ಲಿ ಮೊದಲ ಬಾರಿಗೆ ಒಂದು ಸಮ್ಮೇಳನದಲ್ಲಿ ಸೇರಿದರು. ಏಕರೂಪದ ಕಪ್ಲಿಂಗ್ ಬೇಕೆಂಬ ಪ್ರಯತ್ನ ಈ ಸಂಘಟನೆಯ ಕಾಲದಿಂದಲೇ ಮೊದಲಾಯಿತು. ಸಮ್ಮೇಳನ ನಡೆದ ಊರು ಬಾಲ್ಟಿಮೋರ್.

ಅದೇ ಬಾಲ್ಟಿಮೋರಿನಲ್ಲಿ ೧೯೦೪ರ ಫೆಬ್ರವರಿ ೭ರ ಭಾನುವಾರ ಬೆಳಗ್ಗೆ ಒಂದು ವ್ಯಾಪಾರ ಮಳಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೆರವಿನ ಕೋರಿಕೆಗೆ ಓಗೊಟ್ಟು ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಮುಂತಾದ ನಗರಗಳ ದಳಗಳು ರೈಲಿನಲ್ಲಿ ತಮ್ಮ ಯಂತ್ರಗಳೊಡನೆ ಬಂದಿಳಿದವು. ಆದರೆ ಹೊರಗಿನಿಂದ ಬಂದ ಬಹಳಷ್ಟು ಹೋಸ್‌ಪೈಪುಗಳು ಬಾಲ್ಟಿಮೋರಿನ ಹೈಡ್ರಂಟುಗಳಿಗೆ ಹೊಂದಿಕೊಳ್ಳಲಿಲ್ಲ. ಯಂತ್ರವಿತ್ತು, ನೀರಿತ್ತು, ನುರಿತ ಕೆಲಸಗಾರರಿದ್ದರು. ಇವುಗಳನ್ನು ಒಂದುಗೂಡಿಸುವ ಲೋಹದ ಉಂಗುರವೊಂದು ಮಾತ್ರ ಹೊಂದುತ್ತಿರಲಿಲ್ಲ. ಬೆಂಕಿಯು ೩೦ ಗಂಟೆಗಳಿಗೂ ಹೆಚ್ಚು ಕಾಲ ಉರಿದು, ಸುಮಾರು ೧೪೦ ಎಕರೆ ಪ್ರದೇಶದಲ್ಲಿ ೧,೫೦೦ಕ್ಕೂ ಮಿಕ್ಕ ಕಟ್ಟಡಗಳನ್ನು ಆಹುತಿ ತೆಗೆದುಕೊಂಡಿತು. ಗಾಳಿಯ ರಭಸ, ಕಟ್ಟಡಗಳ ಒತ್ತೊತ್ತು ಮೊದಲಾದ ಕಾರಣಗಳೂ ಇದ್ದುದರಿಂದ ಇಡೀ ನಷ್ಟವನ್ನು ಕಪ್ಲಿಂಗಿನ ಮೇಲೆ ಹೊರಿಸುವುದು ಸರಿಯಾಗಲಾರದು. ಆದರೂ ನೆರವು ಬಾಗಿಲಿಗೆ ಬಂದು ನಿಷ್ಫಲವಾದ ಈ ಪ್ರಸಂಗವು ಒಂದು ಸತ್ಯವನ್ನು ಸ್ಪಷ್ಟಪಡಿಸಿತು: ಹೊಂದಿಕೆಯಿಲ್ಲದ ಉಪಕರಣಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ.

೧೯೦೧ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಮಾನಕ ಸಂಸ್ಥೆಯು ಈ ಬೆಂಕಿಯ ಬಳಿಕ ನಡೆಸಿದ ಶೋಧನೆಯಲ್ಲಿ ದೇಶದಾದ್ಯಂತ ೬೦೦ಕ್ಕೂ ಹೆಚ್ಚು ಬಗೆಯ ಕಪ್ಲಿಂಗುಗಳು ಬಳಕೆಯಲ್ಲಿದ್ದುದು ಬೆಳಕಿಗೆ ಬಂದಿತು. ೧೮೯೬ರಲ್ಲಿ ಹುಟ್ಟಿದ್ದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ೧೯೦೫ರಲ್ಲಿ, ಎರಡೂವರೆ ಅಂಗುಲ ವ್ಯಾಸದ ಹೋಸ್‌ಪೈಪಿಗೆ ಅಂಗುಲವೊಂದಕ್ಕೆ ಏಳೂವರೆ ತಿರುಪುಗೆರೆಗಳಿರಬೇಕೆಂಬ ರಾಷ್ಟ್ರೀಯ ಮಾನದಂಡವನ್ನು ಅಂಗೀಕರಿಸಿತು. ಇದು ಸಲಹೆಯಾಗಿತ್ತೇ ಹೊರತು ಕಡ್ಡಾಯ ಶಾಸನವಾಗಿರಲಿಲ್ಲ. ನೆಲದಲ್ಲಿ ಹುಗಿದ ಸಾವಿರಾರು ಹೈಡ್ರಂಟುಗಳನ್ನು ಬದಲಿಸುವ ವೆಚ್ಚವು ಆಯಾ ಊರಿನದೇ ಆಗಿದ್ದುದರಿಂದ ಬದಲಾವಣೆ ನಿಧಾನಗತಿಯಲ್ಲಿ ಸಾಗಿತು. ಬಾಲ್ಟಿಮೋರ್ ಬೆಂಕಿಯ ಶತಮಾನದ ನೆನಪಿನಲ್ಲಿ, ಅದೇ ಮಾನಕ ಸಂಸ್ಥೆಯ ಉತ್ತರಾಧಿಕಾರಿ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹೆಚ್ಚು ಜನಸಂಖ್ಯೆಯ ೪೮ ನಗರಗಳ ಪೈಕಿ ರಾಷ್ಟ್ರೀಯ ಮಾನದಂಡದ ಹೈಡ್ರಂಟುಗಳನ್ನು ಹೊಂದಿದ್ದವು ೧೮ ಮಾತ್ರ.

ಡಿಸ್ಟ್ರಿಕ್ಟಿನ ರಚನೆ ಮತ್ತು ಅಧಿಕಾರ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮೋಟಾರು ಅಗ್ನಿಶಾಮಕ ವಾಹನವು ಬಳಕೆಗೆ ಬಂದುದರಿಂದ, ಒಂದು ಠಾಣೆಯು ಪಟ್ಟಣದ ಹೊರವಲಯದ ಕೃಷಿಕ ವಸತಿಗಳಿಗೂ ನೆರವಾಗುವುದು ಸಾಧ್ಯವಾಯಿತು. ಆದರೆ ನಗರಸಭೆಯ ಮೇರೆಯಾಚೆಯವರಿಗೆ ಈ ಸೇವೆಯ ವೆಚ್ಚವನ್ನು ಭರಿಸುವವರು ಯಾರು ಎಂಬ ಪ್ರಶ್ನೆ ಎದುರಾಯಿತು. ಬೇರೆ ಬೇರೆ ರಾಜ್ಯಗಳು ಡಿಸ್ಟ್ರಿಕ್ಟ್ ರಚನೆಗೆ ಅವಕಾಶ ಕಲ್ಪಿಸುವ ಶಾಸನಗಳ ಮೂಲಕ ಇದಕ್ಕೆ ಉತ್ತರ ಕಂಡುಕೊಂಡವು. ಇಲಿನಾಯ್ ರಾಜ್ಯದ ೧೯೨೭ರ ಅಗ್ನಿರಕ್ಷಣಾ ಡಿಸ್ಟ್ರಿಕ್ಟ್ ಅಧಿನಿಯಮವು ಇವುಗಳಲ್ಲಿ ಒಂದು. ಕ್ಯಾಲಿಫೋರ್ನಿಯಾ ರಾಜ್ಯವು ತನ್ನ ಹಳೆಯ ಕಾನೂನುಗಳನ್ನು ಪರಿಷ್ಕರಿಸಿ ೧೯೮೭ರಲ್ಲಿ ಸಮಗ್ರ ಶಾಸನವೊಂದನ್ನು ರೂಪಿಸಿತು.

ನ್ಯೂಯಾರ್ಕ್ ರಾಜ್ಯದ ಮಾದರಿಯು ವಿಶೇಷವಾಗಿ ಪರಿಶೀಲನಾರ್ಹ. ಅಲ್ಲಿ ಡಿಸ್ಟ್ರಿಕ್ಟನ್ನು ಐದು ಮಂದಿ ಕಮಿಷನರುಗಳ ಮಂಡಳಿ ನಿರ್ವಹಿಸುತ್ತದೆ. ಇವರ ಅಧಿಕಾರಾವಧಿ ಐದು ವರ್ಷ. ಪ್ರತಿವರ್ಷ ಡಿಸೆಂಬರ್ ತಿಂಗಳ ಎರಡನೆಯ ಮಂಗಳವಾರ ನಡೆಯುವ ಚುನಾವಣೆಯಲ್ಲಿ ಒಬ್ಬರ ಸ್ಥಾನ ತೆರವಾಗಿ ತುಂಬುತ್ತದೆ. ಹೀಗಾಗಿ ಇಡೀ ಮಂಡಳಿ ಒಮ್ಮೆಗೇ ಬದಲಾಗುವ ಪ್ರಮೇಯವಿಲ್ಲ. ಕಮಿಷನರುಗಳಿಗೆ ಸಂಬಳವಿಲ್ಲ. ಆಯವ್ಯಯವನ್ನು ಸಾರ್ವಜನಿಕ ವಿಚಾರಣೆಗೆ ಒಡ್ಡಿ ಅಂಗೀಕರಿಸಬೇಕು. ತೆರಿಗೆಯನ್ನು ಡಿಸ್ಟ್ರಿಕ್ಟಿನ ಮೇರೆಯೊಳಗಿನ ಸ್ಥಿರಾಸ್ತಿಯ ಮೇಲೆ ವಿಧಿಸಲಾಗುತ್ತದೆ. ಹಣ, ಠಾಣೆ ಮತ್ತು ವಾಹನಗಳ ಒಡೆತನ ಡಿಸ್ಟ್ರಿಕ್ಟಿನದು. ಆದರೆ ಬೆಂಕಿಗೆ ಎದುರಾಗುವ ಸ್ವಯಂಸೇವಕರು 'ಫೈರ್ ಕಂಪನಿ' ಎಂಬ ಪ್ರತ್ಯೇಕ ಸಂಘದ ಸದಸ್ಯರು. ದಳದ ಮುಖ್ಯಸ್ಥನನ್ನು ಈ ಸದಸ್ಯರು ಸೂಚಿಸುತ್ತಾರೆ. ಕಮಿಷನರುಗಳ ಮಂಡಳಿ ನೇಮಿಸುತ್ತದೆ. ಘಟನಾಸ್ಥಳದಲ್ಲಿ ಮುಖ್ಯಸ್ಥನ ಮಾತೇ ಅಂತಿಮ; ಖಜಾನೆಯ ಬೀಗದ ಕೈ ಮಂಡಳಿಯದು. ಬೆಂಕಿಯ ಮುಂದಿನ ಅಧಿಕಾರವನ್ನೂ ಹಣದ ಮೇಲಿನ ಅಧಿಕಾರವನ್ನೂ ಹೀಗೆ ಬೇರ್ಪಡಿಸಿರುವುದು ಈ ವ್ಯವಸ್ಥೆಯ ತಿರುಳು.

ತೆರಿಗೆಯ ಆಧಾರವಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ೨೦೧೦ರಲ್ಲಿ ಟೆನೆಸೀ ರಾಜ್ಯದ ಓಬಿಯನ್ ಕೌಂಟಿಯಲ್ಲಿ ನಡೆದ ಘಟನೆ ಸಾಕ್ಷಿ. ಅಲ್ಲಿನ ಗ್ರಾಮೀಣ ನಿವಾಸಿಗಳು ಪಕ್ಕದ ಸೌತ್ ಫುಲ್ಟನ್ ನಗರದ ಅಗ್ನಿಶಾಮಕ ಸೇವೆಗೆ ವರ್ಷಕ್ಕೆ ೭೫ ಡಾಲರ್ ಚಂದಾ ತೆರಬೇಕಿತ್ತು. ಚಂದಾ ಸಲ್ಲಿಸದ ಮನೆಯೊಂದು ಹೊತ್ತಿ ಉರಿದಾಗ, ಸ್ಥಳಕ್ಕೆ ಬಂದ ದಳವು ನೆರೆಯವರ ಆಸ್ತಿಗೆ ಬೆಂಕಿ ಹರಡದಂತೆ ನೋಡಿಕೊಂಡು, ಆ ಮನೆಯನ್ನು ಉರಿಯಲು ಬಿಟ್ಟಿತು. ಈ ಘಟನೆ ದೇಶವ್ಯಾಪಿ ಚರ್ಚೆಗೆ ಗುರಿಯಾಯಿತು. ಡಿಸ್ಟ್ರಿಕ್ಟ್ ಪದ್ಧತಿಯಲ್ಲಿ ಇಂತಹ ಆಯ್ಕೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಮೇರೆಯೊಳಗಿನ ಪ್ರತಿಯೊಂದು ಆಸ್ತಿಯೂ ತೆರಿಗೆಗೆ ಬದ್ಧ, ಪ್ರತಿಯೊಂದು ಮನೆಯೂ ರಕ್ಷಣೆಗೆ ಅರ್ಹ.

ಉಪಕರಣಗಳ ಪಾಲನೆ

ಡಿಸ್ಟ್ರಿಕ್ಟಿನ ದೈನಂದಿನ ನಿರ್ವಹಣೆಯಲ್ಲಿ ಉಪಕರಣಗಳ ಪಾಲನೆಗೆ ಅಗ್ರಸ್ಥಾನವಿದೆ. ಸಾಮಾನ್ಯ ಡಿಸ್ಟ್ರಿಕ್ಟೊಂದರಲ್ಲಿ ಪಂಪು ಮತ್ತು ಹೋಸ್‌ಪೈಪುಗಳನ್ನು ಹೊತ್ತ ಎಂಜಿನ್, ಎತ್ತರದ ಏಣಿಯ ವಾಹನ, ಹೈಡ್ರಂಟುಗಳಿಲ್ಲದ ಕಡೆ ನೀರು ಸಾಗಿಸುವ ಟ್ಯಾಂಕರ್, ಕಾಡುಬೆಂಕಿಗೆ ಬಳಸುವ ಹಗುರ ವಾಹನ ಇವುಗಳಲ್ಲಿ ಕೆಲವಾದರೂ ಇರುತ್ತವೆ. ಇವು ವರ್ಷದ ಬಹುಪಾಲು ಸಮಯ ಠಾಣೆಯಲ್ಲಿ ನಿಂತೇ ಇರುತ್ತವೆ. ಪ್ರತಿದಿನ ಓಡುವ ಯಂತ್ರದ ದೋಷವು ಬಳಕೆಯಲ್ಲಿಯೇ ತಿಳಿದುಬರುತ್ತದೆ. ನಿಂತ ಯಂತ್ರದ ದೋಷವು ಪರೀಕ್ಷೆಯಿಲ್ಲದಿದ್ದರೆ ಬೆಂಕಿಯ ಎದುರಿನಲ್ಲಿಯೇ ತಿಳಿಯಬೇಕಾಗುತ್ತದೆ. ಆದಕಾರಣ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಮಾನದಂಡಗಳು ನಿಯತಕಾಲಿಕ ಪರೀಕ್ಷೆಗಳ ಕ್ರಮವನ್ನು ವಿಧಿಸುತ್ತವೆ.

ವರ್ಷಕ್ಕೊಮ್ಮೆ ನಡೆಯುವ ಪಂಪಿನ ಪರೀಕ್ಷೆಯಲ್ಲಿ, ಅದರ ನಿಗದಿತ ಸಾಮರ್ಥ್ಯದ ಪೂರ್ಣ ಪ್ರಮಾಣದ ನೀರನ್ನು ಚದರ ಅಂಗುಲಕ್ಕೆ ೧೫೦ ಪೌಂಡ್ ಒತ್ತಡದಲ್ಲಿಯೂ, ಶೇಕಡಾ ೭೦ರಷ್ಟನ್ನು ೨೦೦ ಪೌಂಡ್ ಒತ್ತಡದಲ್ಲಿಯೂ, ಶೇಕಡಾ ೫೦ರಷ್ಟನ್ನು ೨೫೦ ಪೌಂಡ್ ಒತ್ತಡದಲ್ಲಿಯೂ ಹೊರಹಾಕಬಲ್ಲುದೇ ಎಂದು ನೋಡಲಾಗುತ್ತದೆ. ಪಂಪಿನ ಸವಕಳಿಯು ಕಣ್ಣಿಗೆ ಕಾಣದಿದ್ದರೂ ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಅಂಕಿಗಳ ಹೋಲಿಕೆಯಲ್ಲಿ ಅದು ಗೋಚರವಾಗುತ್ತದೆ. ಹೋಸ್‌ಪೈಪುಗಳಿಗೂ ವಾರ್ಷಿಕ ಒತ್ತಡ ಪರೀಕ್ಷೆಯುಂಟು. ಪ್ರತಿಯೊಂದು ತುಂಡಿಗೂ ಗುರುತಿನ ಸಂಖ್ಯೆಯಿದ್ದು, ಅದರ ತಯಾರಿಕೆಯ ವರ್ಷ, ದುರಸ್ತಿ ಮತ್ತು ಪರೀಕ್ಷೆಯ ಫಲಿತಾಂಶಗಳು ದಾಖಲಾಗುತ್ತವೆ. ಸಿಬ್ಬಂದಿಯ ರಕ್ಷಣಾ ಉಡುಪು ತಯಾರಾದ ದಿನದಿಂದ ಹತ್ತು ವರ್ಷ ಕಳೆದ ಮೇಲೆ ಬಳಕೆಯಿಂದ ತೆಗೆದುಹಾಕತಕ್ಕದ್ದು. ಉಸಿರಾಟದ ಉಪಕರಣದ ಸಿಲಿಂಡರುಗಳು ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ಜಲಒತ್ತಡ ಪರೀಕ್ಷೆಗೆ ಒಳಪಡುತ್ತವೆ. ಹದಿನೈದು ವರ್ಷ ದಾಟಿದ ವಾಹನವನ್ನು ಮೀಸಲು ಸ್ಥಾನಕ್ಕೆ ಸರಿಸಿ, ಇಪ್ಪತ್ತೈದು ವರ್ಷದ ಬಳಿಕ ಬದಲಿಸಬೇಕೆಂಬುದು ಸಂಘವು ನೀಡುತ್ತ ಬಂದಿರುವ ಸಲಹೆ.

ಈ ದಾಖಲೆಗಳ ಹಿಂದೆ ವಿಮಾ ಉದ್ಯಮದ ಪಾತ್ರವೂ ಗಮನಾರ್ಹ. ಬಾಲ್ಟಿಮೋರ್ ದುರಂತದ ಬಳಿಕ ಅಗ್ನಿವಿಮಾ ಕಂಪನಿಗಳ ರಾಷ್ಟ್ರೀಯ ಮಂಡಳಿಯು ನಗರಗಳ ಅಗ್ನಿರಕ್ಷಣಾ ಸಾಮರ್ಥ್ಯವನ್ನು ಸಮೀಕ್ಷಿಸಿ, ೧೯೧೬ರಲ್ಲಿ ಶ್ರೇಣೀಕರಣದ ಪಟ್ಟಿಯೊಂದನ್ನು ಜಾರಿಗೆ ತಂದಿತು. ೧೯೭೧ರಲ್ಲಿ ರಚಿತವಾದ ವಿಮಾ ಸೇವಾ ಸಂಸ್ಥೆಯು ಈ ಕಾರ್ಯವನ್ನು ಮುಂದುವರಿಸಿ, ಪ್ರತಿ ಪ್ರದೇಶಕ್ಕೂ ೧ರಿಂದ ೧೦ರವರೆಗಿನ ಶ್ರೇಣಿ ನೀಡುತ್ತ ಬಂದಿದೆ; ೧ ಅತ್ಯುತ್ತಮ, ೧೦ ಕನಿಷ್ಠ. ಪಂಪಿನ ಪರೀಕ್ಷೆ, ತರಬೇತಿಯ ಗಂಟೆಗಳು, ನೀರಿನ ಪೂರೈಕೆ, ಕರೆ ಸ್ವೀಕರಿಸುವ ವ್ಯವಸ್ಥೆ ಇವೆಲ್ಲಕ್ಕೂ ಲಿಖಿತ ಪುರಾವೆ ಬೇಕು. ಶ್ರೇಣಿಯು ಮನೆಯ ವಿಮಾ ಕಂತಿನ ಮೇಲೆ ಪರಿಣಾಮ ಬೀರುವುದರಿಂದ, ಠಾಣೆಯ ದಾಖಲೆ ಪುಸ್ತಕಕ್ಕೂ ನಾಗರಿಕನ ಜೇಬಿಗೂ ನೇರ ಸಂಬಂಧ ಏರ್ಪಟ್ಟಿತು. ಶಾಸನವು ಕಡ್ಡಾಯ ಮಾಡದ ಶಿಸ್ತನ್ನು ಎಷ್ಟೋ ಕಡೆ ವಿಮೆಯ ಲೆಕ್ಕಾಚಾರವು ರೂಢಿಗೆ ತಂದಿತು.

ಕೂಡಿ ಕೆಲಸ ಮಾಡುವ ಕ್ರಮ

ಯಾವ ಡಿಸ್ಟ್ರಿಕ್ಟೂ ತನ್ನ ಅತಿದೊಡ್ಡ ಬೆಂಕಿಗೆ ಸಾಕಾಗುವಷ್ಟು ವಾಹನಗಳನ್ನು ಇಟ್ಟುಕೊಳ್ಳಲಾರದು. ನೆರೆಯವರೊಡನೆ ಮಾಡಿಕೊಳ್ಳುವ ಪರಸ್ಪರ ನೆರವಿನ ಒಪ್ಪಂದವೇ ಇದಕ್ಕೆ ಪರಿಹಾರ. ಕ್ಯಾಲಿಫೋರ್ನಿಯಾದಲ್ಲಿ ೧೯೫೦ರಲ್ಲಿ ಇಡೀ ರಾಜ್ಯವನ್ನು ವ್ಯಾಪಿಸುವ ಇಂತಹ ಒಪ್ಪಂದ ಏರ್ಪಟ್ಟಿತು. ಆದರೆ ೧೯೭೦ರ ಶರತ್ಕಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾವನ್ನು ವ್ಯಾಪಿಸಿದ ಕಾಡುಬೆಂಕಿಗಳು ೧೩ ದಿನಗಳಲ್ಲಿ ೧೬ ಜೀವಗಳನ್ನೂ ೭೦೦ಕ್ಕೂ ಹೆಚ್ಚು ಕಟ್ಟಡಗಳನ್ನೂ ಬಲಿ ತೆಗೆದುಕೊಂಡಾಗ, ಒಪ್ಪಂದವೊಂದಿದ್ದರೆ ಸಾಲದೆಂಬುದು ಮನವರಿಕೆಯಾಯಿತು. ಒಂದೇ ವಸ್ತುವನ್ನು ಬೇರೆ ಬೇರೆ ದಳಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದವು. ರೇಡಿಯೋ ತರಂಗಾಂತರಗಳು ಹೊಂದುತ್ತಿರಲಿಲ್ಲ. ಯಾರು ಯಾರಿಗೆ ಆದೇಶ ನೀಡಬೇಕೆಂಬುದು ಅಸ್ಪಷ್ಟವಾಗಿತ್ತು. ಬಾಲ್ಟಿಮೋರಿನಲ್ಲಿ ಲೋಹದ ಕಪ್ಲಿಂಗು ಹೊಂದದಿದ್ದರೆ, ಇಲ್ಲಿ ಆಡಳಿತದ ಕಪ್ಲಿಂಗು ಹೊಂದಲಿಲ್ಲವೆನ್ನಬಹುದು. ಈ ಅನುಭವದಿಂದ ಮೂಡಿದ 'ಫೈರ್‌ಸ್ಕೋಪ್' ಯೋಜನೆಯು 'ಇನ್ಸಿಡೆಂಟ್ ಕಮಾಂಡ್ ಸಿಸ್ಟಂ' ಎಂಬ ಏಕರೂಪದ ಆಜ್ಞಾವ್ಯವಸ್ಥೆಯನ್ನು ರೂಪಿಸಿತು. ಘಟನೆಗೆ ಒಬ್ಬ ಮುಖ್ಯಸ್ಥ ಅಥವಾ ಒಂದು ಕೂಡುಮುಖ್ಯಸ್ಥಿಕೆ, ಅದರಡಿ ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಎಂಬ ವಿಭಾಗಗಳು, ಎಲ್ಲರಿಗೂ ಅರ್ಥವಾಗುವ ಒಂದೇ ಪರಿಭಾಷೆ ಇವು ಅದರ ಅಂಗಗಳು. ೨೦೦೪ರಲ್ಲಿ ರೂಪುಗೊಂಡ ರಾಷ್ಟ್ರೀಯ ಘಟನಾ ನಿರ್ವಹಣಾ ವ್ಯವಸ್ಥೆಯ ಭಾಗವಾಗಿ ಇದು ದೇಶದಾದ್ಯಂತ ಅಂಗೀಕೃತವಾಯಿತು.

ಇಷ್ಟಾದರೂ ಹಳೆಯ ದೋಷ ಅಳಿದಿರಲಿಲ್ಲ. ೧೯೯೧ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಟ್ಟಗಳ ವಸತಿಪ್ರದೇಶಕ್ಕೆ ಬೆಂಕಿ ಹಬ್ಬಿ, ೨೫ ಜನ ಸತ್ತು ಸುಮಾರು ಮೂರು ಸಾವಿರ ಮನೆಗಳು ನಾಶವಾದವು. ನೆರವಿಗೆ ಬಂದ ದಳಗಳ ಹೋಸ್‌ಪೈಪುಗಳು ರಾಷ್ಟ್ರೀಯ ಮಾನದಂಡದಂತೆ ಎರಡೂವರೆ ಅಂಗುಲದವು. ಓಕ್ಲೆಂಡಿನ ಹೈಡ್ರಂಟುಗಳ ಬಾಯಿ ಮೂರು ಅಂಗುಲದ್ದು. ನಡುವೆ ತೊಡಿಸುವ ಅಡಾಪ್ಟರುಗಳು ಸಾಕಷ್ಟಿರಲಿಲ್ಲ. ಬಾಲ್ಟಿಮೋರ್ ದುರಂತ ಕಳೆದು ೮೭ ವರ್ಷಗಳಾಗಿದ್ದವು.

ಹಣ ಮತ್ತು ಜನಬಲ

ಆಸ್ತಿ ತೆರಿಗೆಯನ್ನೇ ಅವಲಂಬಿಸಿದ ಸಂಸ್ಥೆಯು ಆ ತೆರಿಗೆಯ ರಾಜಕೀಯಕ್ಕೂ ಒಳಗಾಗುತ್ತದೆ. ಕ್ಯಾಲಿಫೋರ್ನಿಯಾದ ಮತದಾರರು ೧೯೭೮ರಲ್ಲಿ ಅಂಗೀಕರಿಸಿದ 'ಪ್ರೊಪೊಸಿಷನ್ ೧೩' ಆಸ್ತಿ ತೆರಿಗೆಯನ್ನು ಮೌಲ್ಯದ ಶೇಕಡಾ ೧ಕ್ಕೆ ಸೀಮಿತಗೊಳಿಸಿ, ವಿಶೇಷ ತೆರಿಗೆಗೆ ಮೂರನೆಯ ಎರಡು ಭಾಗದಷ್ಟು ಮತಗಳನ್ನು ಅಗತ್ಯವಾಗಿಸಿತು. ಹೊಸ ಎಂಜಿನ್ ಬೇಕೆನ್ನುವ ಡಿಸ್ಟ್ರಿಕ್ಟು ಅಂದಿನಿಂದ ಮತದಾರರ ಮನವೊಲಿಸುವ ಸಂಸ್ಥೆಯೂ ಆಗಬೇಕಾಯಿತು. ೨೦೦೧ರಲ್ಲಿ ಮೊದಲಾದ ಕೇಂದ್ರ ಸರ್ಕಾರದ ಅಗ್ನಿಶಾಮಕ ನೆರವಿನ ಅನುದಾನವು ಉಪಕರಣ ಖರೀದಿಗೆ ಸ್ವಲ್ಪಮಟ್ಟಿನ ಆಸರೆಯಾಗಿದೆ.

ಹಣಕ್ಕಿಂತ ಗಂಭೀರವಾದ ಪ್ರಶ್ನೆ ಜನಬಲದ್ದು. ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಅಂದಾಜಿನಂತೆ ೧೯೮೪ರಲ್ಲಿ ಅಮೆರಿಕದಲ್ಲಿ ೮,೯೭,೭೫೦ ಸ್ವಯಂಸೇವಕ ಅಗ್ನಿಶಾಮಕರಿದ್ದರು; ೨೦೨೦ರಲ್ಲಿ ಈ ಸಂಖ್ಯೆ ೬,೭೬,೯೦೦ಕ್ಕೆ ಇಳಿದಿತ್ತು. ಆ ವರ್ಷವೂ ಒಟ್ಟು ಅಗ್ನಿಶಾಮಕರಲ್ಲಿ ಸುಮಾರು ಶೇಕಡಾ ೬೫ರಷ್ಟು ಮಂದಿ ಸ್ವಯಂಸೇವಕರೇ. ದೂರದ ಊರುಗಳಿಗೆ ದುಡಿಮೆಗೆ ಹೋಗುವ ಜೀವನಕ್ರಮದಲ್ಲಿ ಹಗಲಿನ ಕರೆಗೆ ಓಗೊಡುವವರು ವಿರಳ. ತರಬೇತಿಯ ಮಟ್ಟ ಏರಿದಂತೆ ಸ್ವಯಂಸೇವಕನಿಂದ ನಿರೀಕ್ಷಿಸುವ ಸಮಯವೂ ಏರಿತು. ಅನೇಕ ಡಿಸ್ಟ್ರಿಕ್ಟುಗಳು ಸಂಬಳದ ಕೆಲವರನ್ನು ಸ್ವಯಂಸೇವಕರೊಡನೆ ಬೆರೆಸಿದ ಮಿಶ್ರ ಪದ್ಧತಿಯನ್ನೂ, ನೆರೆಯ ಡಿಸ್ಟ್ರಿಕ್ಟುಗಳೊಡನೆ ವಿಲೀನವನ್ನೂ ಆಶ್ರಯಿಸಿವೆ. ವಿಲೀನದಿಂದ ವೆಚ್ಚ ತಗ್ಗಬಹುದು. ಆದರೆ ಠಾಣೆಯೊಂದು ಮುಚ್ಚಿದರೆ ಆ ಊರಿಗೂ ಎಂಜಿನ್ನಿಗೂ ನಡುವಿನ ಮೈಲಿಗಳು ಹೆಚ್ಚುತ್ತವೆ. ಸಮೀಪದ ಠಾಣೆಯು ರಸ್ತೆಯ ಐದು ಮೈಲಿಗಿಂತ ದೂರವಿದ್ದರೆ ವಿಮಾ ಶ್ರೇಣಿಯಲ್ಲಿ ಆ ಆಸ್ತಿ ಸಾಮಾನ್ಯವಾಗಿ ಕನಿಷ್ಠ ಸ್ಥಾನಕ್ಕಿಳಿಯುತ್ತದೆ.

ಉಪಸಂಹಾರ

ಫೈರ್ ಡಿಸ್ಟ್ರಿಕ್ಟಿನ ಬಲವೂ ದೌರ್ಬಲ್ಯವೂ ಒಂದೇ ಮೂಲದಿಂದ ಹುಟ್ಟಿವೆ. ತನ್ನ ಊರಿನ ಬೆಂಕಿಗೆ ತಾನೇ ಹೊಣೆಯೆಂಬ ಭಾವನೆಯಿಂದ ಬಕೆಟ್ಟು, ಏಣಿ, ಎಂಜಿನ್ನುಗಳು ಕೂಡಿಬಂದವು. ಅದೇ ಭಾವನೆಯಿಂದ ಆರುನೂರು ಬಗೆಯ ಕಪ್ಲಿಂಗುಗಳೂ ಹುಟ್ಟಿದವು. ಪಂಪಿನ ವಾರ್ಷಿಕ ಪರೀಕ್ಷೆ, ಏಕರೂಪದ ಅಳತೆ, ಒಂದೇ ಪರಿಭಾಷೆಯ ಆಜ್ಞಾಕ್ರಮ ಇವು ಸ್ವಾಯತ್ತತೆಯ ಮೇಲೆ ಹೊರಿಸಿದ ನಿರ್ಬಂಧಗಳಂತೆ ತೋರಿದರೂ, ವಸ್ತುತಃ ಅದನ್ನು ಉಪಯುಕ್ತವಾಗಿಸುವ ಸಾಧನಗಳು. ನೆರೆಯ ಊರಿನ ಹೋಸ್‌ಪೈಪು ತನ್ನ ಹೈಡ್ರಂಟಿಗೆ ಕೂಡುವಂತಿದ್ದಾಗ ಮಾತ್ರ ಸಣ್ಣ ಡಿಸ್ಟ್ರಿಕ್ಟೊಂದು ಸಣ್ಣದಾಗಿಯೇ ಉಳಿದು ದೊಡ್ಡ ಬೆಂಕಿಯನ್ನು ಎದುರಿಸಬಲ್ಲುದು. ಈ ಒಪ್ಪಂದವನ್ನು ಬೆಂಕಿ ಹೊತ್ತಿದ ಮೇಲೆ ಮಾಡಿಕೊಳ್ಳಲು ಬರುವುದಿಲ್ಲವೆಂಬುದನ್ನು ಬಾಲ್ಟಿಮೋರ್ ಮತ್ತು ಓಕ್ಲೆಂಡ್ ನಗರಗಳ ಚರಿತ್ರೆ ಸಿದ್ಧಪಡಿಸಿದೆ.